ಅಮೆರಿಕದ ಕಾಲೇಜು ತಂಡದಲ್ಲಿ ಆಡಬೇಕೆ? ಮೊದಲು ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಹುಡುಕಿ

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ ಡಿಸ್ಕಸ್ ಚಿನ್ನ ಗೆದ್ದರು. ಆಗ ಅವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2007 ಮತ್ತು 2008ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮದೇವ್ ದೇವವರ್ಮನ್ ಟೆನ್ನಿಸ್ ಸಿಂಗಲ್ಸ್ ಗೆದ್ದರು. 2018 ಮತ್ತು 2022ರಲ್ಲಿ ಹೈಜಂಪ್ ಪ್ರಶಸ್ತಿ ಕನ್ಸಾಸ್ ಸ್ಟೇಟ್‌ನ ತೇಜಸ್ವಿನ್ ಶಂಕರ್ ಪಾಲಾಯಿತು. ವಿಕಾಸ್ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋಗಿ ಅಲ್ಲೇ ಓದಿದವರು. ಉಳಿದಿಬ್ಬರು ನಮ್ಮ ಶಾಲೆಗಳಲ್ಲಿ ಓದಿ ಹೋದವರು.

ಈ ಮೂವರೂ ಅಂಕಣಕ್ಕೆ ಇಳಿಯುವ ಮೊದಲು ಒಂದು ಲೆಕ್ಕ ಪಾಸಾಗಬೇಕಿತ್ತು. ಅದು ಓದಿನ ಲೆಕ್ಕ. ನಮ್ಮಲ್ಲಿ ಕ್ರೀಡಾ ಕೋಟಾ ಅಂದರೆ ಸರ್ಟಿಫಿಕೇಟ್ ತೋರಿಸಿ ಸೀಟು ಪಡೆಯುವುದು. ಸೀಟು ಸಿಕ್ಕಿದರೆ ಮುಗಿಯಿತು. ಅಲ್ಲಿ ಹಾಗಲ್ಲ. ಸೀಟು ಸಿಗುವ ಮುಂಚೆಯೂ ಓದಿನ ಪರಿಶೀಲನೆ, ಸಿಕ್ಕ ಮೇಲೂ ಪ್ರತಿ ಸೆಮಿಸ್ಟರ್ ಪರಿಶೀಲನೆ. ಈ ನಿಯಮ ಮಾಡುವುದು ಎನ್‌ಸಿಎಎ, ಅಂದರೆ ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್. ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿದೆ. ಸುಮಾರು 1,100 ಕಾಲೇಜುಗಳು ಇದರ ಸದಸ್ಯರು.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕೆ ಉತ್ತರ ಮುಂದೆ ಬರುತ್ತದೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಹಂತ 1: ನಿಮ್ಮ ಆಟ ಅಲ್ಲಿ ಇದೆಯೇ ನೋಡಿ

ಅಥ್ಲೆಟಿಕ್ಸ್, ಈಜು, ಟೆನ್ನಿಸ್, ಗಾಲ್ಫ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಫೆನ್ಸಿಂಗ್, ರೈಫಲ್ ಶೂಟಿಂಗ್ ಇವೆ. ಕ್ರಿಕೆಟ್, ಕಬಡ್ಡಿ, ಖೋ ಖೋ ಇಲ್ಲ. ಇದು ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ. ಆದರೆ ಬ್ಯಾಡ್ಮಿಂಟನ್ ಮತ್ತು ಟೇಬಲ್ ಟೆನ್ನಿಸ್‌ಗೂ ಎನ್‌ಸಿಎಎ ಚಾಂಪಿಯನ್‌ಷಿಪ್ ಇಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ ಐದಕ್ಕೇ ಮಕ್ಕಳನ್ನು ಬ್ಯಾಡ್ಮಿಂಟನ್ ಅಕಾಡೆಮಿಗೆ ಬಿಡುವ ಅಪ್ಪ ಅಮ್ಮಂದಿರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹಾಕಿ ಇದೆ, ಆದರೆ ಹುಡುಗಿಯರಿಗೆ ಮಾತ್ರ. ಹಾಗಾಗಿ ಕೊಡಗಿನ ಹಾಕಿ ಮನೆತನದಲ್ಲಿ ಅಣ್ಣನಿಗೆ ಇಲ್ಲದ ದಾರಿ ತಂಗಿಗೆ ಇದೆ.

ಹಂತ 2: ಯಾವ ಡಿವಿಷನ್ ಅಂತ ಅರ್ಥ ಮಾಡಿಕೊಳ್ಳಿ

ಎನ್‌ಸಿಎಎ ತನ್ನ ಕಾಲೇಜುಗಳನ್ನು ಮೂರು ಡಿವಿಷನ್ ಆಗಿ ವಿಂಗಡಿಸಿದೆ. ಡಿವಿಷನ್ 1 ಮತ್ತು 2ರ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡಬಹುದು. ಡಿವಿಷನ್ 3ರಲ್ಲಿ ಅದು ಇಲ್ಲ. ಓದಿಗೆ ಅಥವಾ ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಹಾರ್ವರ್ಡ್ ಸೇರಿರುವ ಐವಿ ಲೀಗ್ ಎಂಬ ಗುಂಪಿನ ಎಂಟು ಕಾಲೇಜುಗಳು ಡಿವಿಷನ್ 1ರಲ್ಲೇ ಇದ್ದರೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ‘ಹಾರ್ವರ್ಡ್‌ನಲ್ಲಿ ಈಜಿಗೆ ಫುಲ್ ಸ್ಕಾಲರ್‌ಶಿಪ್ ಕೊಡಿಸುತ್ತೇನೆ’ ಎಂದು ಯಾವುದಾದರೂ ಏಜೆಂಟ್ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈ ಲೇಖನದ ಲೆಕ್ಕವೆಲ್ಲ ಮುಖ್ಯವಾಗಿ ಡಿವಿಷನ್ 1 ಮತ್ತು 2ಕ್ಕೆ ಸೇರಿದ್ದು. ಡಿವಿಷನ್ 3ರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು ಅಂತ ಆಯಾ ಕಾಲೇಜೇ ತೀರ್ಮಾನಿಸುತ್ತದೆ. ಎನ್‌ಎಐಎ ಎಂಬ ಇನ್ನೊಂದು ಸಂಘವೂ ಇದೆ. ಚಿಕ್ಕ ಕಾಲೇಜುಗಳೇ ಜಾಸ್ತಿ. ಅದಕ್ಕೆ ಬೇರೆ ನೋಂದಣಿ, ಬೇರೆ ನಿಯಮ.

ಹಂತ 3: ಹದಿನಾರು ವಿಷಯಗಳ ಲೆಕ್ಕ ಹಾಕಿ

ಎಲ್ಲಕ್ಕಿಂತ ದೊಡ್ಡ ಹಂತ ಇದೇ. ಜಾಸ್ತಿ ಜನ ಎಡವುವುದೂ ಇಲ್ಲೇ.

ಒಂಬತ್ತನೇ ತರಗತಿಯಿಂದ ಹನ್ನೆರಡನೇವರೆಗಿನ ನಾಲ್ಕು ವರ್ಷಗಳಲ್ಲಿ 16 ‘ಕೋರ್ ಕೋರ್ಸ್’ ಮುಗಿಸಿರಬೇಕು. ಒಂದು ವಿಷಯವನ್ನು ಒಂದು ವರ್ಷ ಓದಿದರೆ ಒಂದು ಅಂತ ಲೆಕ್ಕ. ಡಿವಿಷನ್ 1ಕ್ಕೆ ಹಂಚಿಕೆ ಹೀಗಿದೆ: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು 1, ಸಮಾಜ ವಿಜ್ಞಾನ 2. ಉಳಿದ 4 ಮೇಲಿನ ಯಾವುದರಲ್ಲಾದರೂ ಆಗಬಹುದು, ಬೇರೆ ಭಾಷೆ ಅಥವಾ ತತ್ವಶಾಸ್ತ್ರವೂ ಆಗಬಹುದು. ಡಿವಿಷನ್ 2 ಸ್ವಲ್ಪ ಸಡಿಲ. ಅಲ್ಲಿ ಇಂಗ್ಲಿಷ್ 3, ಗಣಿತ 2 ಸಾಕು, ಆದರೆ ಒಟ್ಟು ಸಂಖ್ಯೆ ಅಲ್ಲೂ 16. ದೈಹಿಕ ಶಿಕ್ಷಣದಲ್ಲಿ ನೂರಕ್ಕೆ ನೂರು ಬಂದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಆಟಗಾರರಿಗೆ ಇದೊಂದು ತಮಾಷೆ.

ನಮ್ಮ ಎಸ್ಎಸ್ಎಲ್‌ಸಿ ಮುಗಿಸಿ ಪಿಯುಗೆ ಹೋಗುವ ಮಕ್ಕಳಿಗೆ ಇದರಲ್ಲಿ ಒಂದು ಅಪಾಯ ಇದೆ. ಆರ್ಟ್ಸ್ ತೆಗೆದುಕೊಂಡರೆ, ಅಥವಾ ಗಣಿತ ಇಲ್ಲದ ಕಾಮರ್ಸ್ ಕಾಂಬಿನೇಷನ್ ತೆಗೆದುಕೊಂಡರೆ, ಗಣಿತ ಒಂಬತ್ತು ಮತ್ತು ಹತ್ತನೇ ತರಗತಿಗೇ ನಿಲ್ಲುತ್ತದೆ. ಡಿವಿಷನ್ 1 ಕೇಳುವುದು ಮೂರು ವರ್ಷ. ‘ಪ್ರಾಕ್ಟೀಸ್‌ಗೆ ಟೈಮ್ ಸಿಗಲಿ’ ಅಂತ ಗಣಿತ ಬಿಡಿಸುವುದು ನಮ್ಮಲ್ಲಿ ಸಾಮಾನ್ಯ. ಅಮೆರಿಕದ ಆಸೆ ಇದ್ದರೆ ಪಿಯು ಅರ್ಜಿ ತುಂಬುವ ಮೊದಲೇ ಈ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ಭಾರತದ ಯಾವ ಬೋರ್ಡಿನ ಯಾವ ಪ್ರಮಾಣಪತ್ರ ನಡೆಯುತ್ತದೆ, ಅಂಕಗಳನ್ನು ಹೇಗೆ ಬದಲಾಯಿಸುತ್ತಾರೆ ಎಂಬುದಕ್ಕೆ ಎನ್‌ಸಿಎಎ ದೇಶವಾರು ಕೈಪಿಡಿ ಹೊರತರುತ್ತದೆ. ಅದನ್ನು ನೀವೇ ಓದಿ, ಪರಿಚಯದವರ ಮಾತು ನಂಬಿ ಕೂರಬೇಡಿ.

ಇನ್ನು ಅಂಕ. ಆ 16 ವಿಷಯಗಳ ಸರಾಸರಿಯನ್ನು 4ಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಜಿಪಿಎ ಎನ್ನುತ್ತಾರೆ. ಡಿವಿಷನ್ 1ಕ್ಕೆ ಕನಿಷ್ಠ 2.3, ಡಿವಿಷನ್ 2ಕ್ಕೆ 2.2. ನಿಮ್ಮ ಎಸ್ಎಸ್ಎಲ್‌ಸಿ ಅಂಕವನ್ನೋ ಪಿಯು ಅಂಕವನ್ನೋ ಶೇಕಡಾವಾರು ಮಾಡಿ ನೀವೇ 25ರಿಂದ ಭಾಗಿಸಿ ಸಮಾಧಾನ ಪಟ್ಟುಕೊಳ್ಳಬೇಡಿ. ಬದಲಾವಣೆ ಹಾಗೆ ನಡೆಯುವುದಿಲ್ಲ.

ಡಿವಿಷನ್ 1ರಲ್ಲಿ 2.0ರಿಂದ 2.3ರ ಒಳಗೆ ಇದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸ್ಕಾಲರ್‌ಶಿಪ್ ಪಡೆಯಬಹುದು, ಮೊದಲ ಸೆಮಿಸ್ಟರ್ ತಂಡದ ಜೊತೆ ಅಭ್ಯಾಸ ಮಾಡಬಹುದು, ಆದರೆ ಮೊದಲ ವರ್ಷ ಪಂದ್ಯ ಆಡುವ ಹಾಗಿಲ್ಲ. ಇದಕ್ಕೆ ಅಲ್ಲಿ ‘ಅಕಾಡೆಮಿಕ್ ರೆಡ್‌ಶರ್ಟ್’ ಎನ್ನುತ್ತಾರೆ.

ಹಂತ 4: ಕಾಗದ ಪತ್ರ ಕೂಡಿಸಿ

ಹತ್ತನೇ ಮತ್ತು ಹನ್ನೆರಡನೇ ಮಾರ್ಕ್ಸ್ ಕಾರ್ಡ್ ಎಲ್ಲರ ಮನೆಯ ಬೀರುವಿನಲ್ಲೂ ಜೋಪಾನವಾಗಿ ಇರುತ್ತದೆ. ಒಂಬತ್ತನೆಯದ್ದು? ಫಸ್ಟ್ ಪಿಯುದು? ಬೋರ್ಡ್ ಪರೀಕ್ಷೆ ಅಲ್ಲ ಅಂತ ಅವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಎನ್‌ಸಿಎಎ ಕೇಳುವುದು ಒಂಬತ್ತರಿಂದ ಶುರುವಾಗಿ ಪ್ರತಿ ವರ್ಷದ ಅಂಕ, ಜೊತೆಗೆ ಹನ್ನೆರಡನೇ ಪಾಸಾದ ದಾಖಲೆ. ಶಾಲೆಯ ಸೀಲು, ಮುಖ್ಯೋಪಾಧ್ಯಾಯರ ಸಹಿ ಇರುವ ಪ್ರತಿಯನ್ನು ಆಯಾ ವರ್ಷವೇ ಪಡೆದಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹಳೆಯ ಶಾಲೆಗೆ ಹೋಗಿ ಲೆಡ್ಜರ್ ತೆಗೆಸುವುದು ಎಂಥ ಪಾಡು ಅಂತ ಹೋದವರಿಗೇ ಗೊತ್ತು.

ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರಬೇಕಾಗಿಲ್ಲ. ಮೂಲ ದಾಖಲೆಯ ಜೊತೆ ಸಾಲುಸಾಲಾಗಿ ಮಾಡಿಸಿದ, ದೃಢೀಕರಿಸಿದ ಇಂಗ್ಲಿಷ್ ಅನುವಾದ ಕೊಟ್ಟರೆ ಆಯಿತು. ಸಾರಾಂಶ ಬರೆದುಕೊಟ್ಟರೆ ನಡೆಯುವುದಿಲ್ಲ. ಹೆಸರಿನ ಇನಿಷಿಯಲ್ ವಿಷಯವನ್ನೂ ಈಗಲೇ ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಮುಂದೆ ಪ್ರತಿ ಕಚೇರಿಯಲ್ಲೂ ವಿವರಣೆ ಕೊಡುತ್ತಾ ಕೂರಬೇಕು.

ಹಂತ 5: ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಅಕೌಂಟ್ ತೆರೆಯಿರಿ

ಹತ್ತನೇ ತರಗತಿಯ ಹೊತ್ತಿಗೆ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ವೆಬ್‌ಸೈಟಿನಲ್ಲಿ ಉಚಿತ ಪ್ರೊಫೈಲ್ ತೆರೆದಿಡಿ. ಕೋಚ್‌ಗಳ ಜೊತೆ ಮಾತುಕತೆ ನಿಜವಾಗಿ ಶುರುವಾದಾಗ ಅದನ್ನು ಹಣ ಕಟ್ಟುವ ಸರ್ಟಿಫಿಕೇಷನ್ ಅಕೌಂಟಿಗೆ ಬದಲಾಯಿಸಿಕೊಳ್ಳಬಹುದು. ಹೊರದೇಶದವರಿಗೆ ಶುಲ್ಕ ಅಮೆರಿಕದವರಿಗಿಂತ ಜಾಸ್ತಿ. ಯಾವ ಕಾಗದ ಬಾಕಿ ಇದೆ ಎಂಬುದು ಅಕೌಂಟಿನ ಕೆಲಸದ ಪಟ್ಟಿಯಲ್ಲೇ ಕಾಣುತ್ತದೆ.

ಹಣ ಕಟ್ಟಿ ಎಲ್ಲ ಕಳಿಸಿದರೂ ಉತ್ತರ ಬಾರದೆ ಕಂಗಾಲಾಗುವವರಿದ್ದಾರೆ. ಕಾರಣ ಸರಳ. ಡಿವಿಷನ್ 1 ಅಥವಾ 2ರ ಯಾವುದಾದರೂ ಕಾಲೇಜು ‘ಈ ವಿದ್ಯಾರ್ಥಿ ನಮಗೆ ಬೇಕು’ ಅಂತ ತನ್ನ ಪಟ್ಟಿಗೆ ಸೇರಿಸುವ ತನಕ ಸೆಂಟರ್ ಅಂತಿಮ ತೀರ್ಮಾನ ಕೊಡುವುದಿಲ್ಲ. ಹಾಗಾಗಿ ಕೋಚ್‌ಗೆ ನೇರವಾಗಿ ಕೇಳಿ: ‘ನನ್ನನ್ನು ಇನ್‌ಸ್ಟಿಟ್ಯೂಷನಲ್ ರಿಕ್ವೆಸ್ಟ್ ಲಿಸ್ಟ್‌ಗೆ ಸೇರಿಸಿದ್ದೀರಾ?’ ಸೇರಿಸಿಲ್ಲ ಎಂದರೆ, ಕೋಚ್ ಬಾಯಿಮಾತಿನಲ್ಲಿ ಎಷ್ಟೇ ಹೊಗಳಿದ್ದರೂ ಅದನ್ನು ತೂಕ ಮಾಡಿ ನೋಡಿ.

ಇದೇ ಅಕೌಂಟಿನಲ್ಲಿ ಹವ್ಯಾಸಿ ಆಟಗಾರನೋ ಅಲ್ಲವೋ ಎಂಬ ಪ್ರಶ್ನೆಗಳೂ ಬರುತ್ತವೆ. ಬಹುಮಾನದ ಹಣ, ಪ್ರಾಯೋಜಕರು, ಏಜೆಂಟ್ ಜೊತೆ ಮಾಡಿಕೊಂಡ ಒಪ್ಪಂದ, ಎಲ್ಲ. ಈ ನಿಯಮಗಳು ಈಚೆಗೆ ಪದೇಪದೇ ಬದಲಾಗುತ್ತಿವೆ. ಆದ್ದರಿಂದ ಪ್ರಯಾಣ, ಕೋಚಿಂಗ್ ಖರ್ಚಿನ ರಸೀದಿಗಳನ್ನು ಎತ್ತಿಡಿ, ಏನಕ್ಕಾದರೂ ಸಹಿ ಹಾಕುವ ಮೊದಲು ನಿಯಮ ಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಕಚೇರಿಗೆ ಇಮೇಲ್ ಹಾಕಿ ಕೇಳಿ. ಸೆಪ್ಟೆಂಬರ್ ಹೊತ್ತಿಗೆ ಸೇರುವವರು ಆ ವರ್ಷದ ಏಪ್ರಿಲ್ 1ರ ನಂತರ ಅಂತಿಮ ಪ್ರಮಾಣೀಕರಣಕ್ಕೆ ಅದೇ ಅಕೌಂಟಿನಲ್ಲಿ ಕೋರಿಕೆ ಕಳಿಸಬೇಕು. ಮರೆಯುವವರು ಬಹಳ.

ಹಂತ 6: ಸ್ಯಾಟ್ ಬರೆಯಬೇಕೇ?

ಎನ್‌ಸಿಎಎ ಕೇಳುವುದಿಲ್ಲ. ಕಾಲೇಜು ಕೇಳಬಹುದು. ಗೊಂದಲ ಇರುವುದೇ ಇಲ್ಲಿ.

ಇದರ ಹಿಂದೆ ಉದ್ದದ ಕಥೆ ಇದೆ. 1983ರಲ್ಲಿ ಎನ್‌ಸಿಎಎ ‘ಪ್ರೊಪೊಸಿಷನ್ 48’ ಎಂಬ ನಿಯಮ ಒಪ್ಪಿತು. 1986ರಿಂದ ಜಾರಿ. 11 ಕೋರ್ ವಿಷಯಗಳಲ್ಲಿ 2.0 ಸರಾಸರಿ, ಜೊತೆಗೆ ಸ್ಯಾಟ್‌ನಲ್ಲಿ 700 ಅಥವಾ ಅದೇ ಬಗೆಯ ಎಸಿಟಿ ಪರೀಕ್ಷೆಯಲ್ಲಿ 15 ಅಂಕ ಬೇಕು ಅಂದಿತು. ಓದೇ ಬಾರದ ಹುಡುಗರನ್ನು ಆಟಕ್ಕಾಗಿ ಸೇರಿಸಿಕೊಂಡು ಕೈಬಿಡುತ್ತಾರೆ ಎಂಬ ಟೀಕೆಗೆ ಅದು ಉತ್ತರವಾಗಿತ್ತು. ಆದರೆ ಪೆಟ್ಟು ಬಿದ್ದದ್ದು ಹೆಚ್ಚಾಗಿ ಬಡ ಶಾಲೆಗಳಿಂದ ಬಂದ ಕಪ್ಪು ವಿದ್ಯಾರ್ಥಿಗಳಿಗೆ. 1989ರ ಜನವರಿಯಲ್ಲಿ ಇನ್ನೂ ಬಿಗಿಯಾದ ‘ಪ್ರೊಪೊಸಿಷನ್ 42’ ಬಂದಾಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಅದನ್ನು ವಿರೋಧಿಸಿ ಪಂದ್ಯ ಶುರುವಾಗುವ ಹೊತ್ತಿಗೆ ಅಂಕಣ ಬಿಟ್ಟು ಹೊರನಡೆದರು. 1996ರಿಂದ ತಕ್ಕಡಿಯಂಥ ವ್ಯವಸ್ಥೆ ಬಂತು. ಶಾಲೆಯ ಸರಾಸರಿ ಜಾಸ್ತಿ ಇದ್ದರೆ ಪರೀಕ್ಷೆಯ ಅಂಕ ಕಡಿಮೆ ಇದ್ದರೂ ನಡೆಯುತ್ತಿತ್ತು. ಮುಂದೆ ಅದು ಎಷ್ಟು ಸಡಿಲವಾಯಿತು ಎಂದರೆ, 3.55 ಸರಾಸರಿ ಇದ್ದವರಿಗೆ ಸ್ಯಾಟ್‌ನಲ್ಲಿ 400 ಸಾಕಾಯಿತು. 400 ಅಂದರೆ ಆ ಪರೀಕ್ಷೆಯಲ್ಲಿ ಇರುವ ಅತಿ ಕಡಿಮೆ ಅಂಕ!

2020ರಲ್ಲಿ ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದವು, ನಿಯಮಕ್ಕೆ ವಿನಾಯಿತಿ ಕೊಟ್ಟರು. 2023ರ ಜನವರಿಯಲ್ಲಿ ಡಿವಿಷನ್ 1 ಮತ್ತು 2 ಎರಡೂ ಪರೀಕ್ಷೆಯ ನಿಯಮವನ್ನೇ ಕಾಯಂ ಆಗಿ ತೆಗೆದುಹಾಕಿದವು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ನಾಲ್ಕು ವರ್ಷದ ಓದನ್ನು ಒಂದು ಬೆಳಗಿನ ಪರೀಕ್ಷೆ ಅಳೆಯಲಾರದು.

ಆದರೆ ಆಡಲು ಅರ್ಹತೆ ಬೇರೆ, ಕಾಲೇಜಿನ ಪ್ರವೇಶ ಬೇರೆ. ಕೋವಿಡ್ ಸಮಯದಲ್ಲಿ ಪರೀಕ್ಷೆ ಕೈಬಿಟ್ಟ ಕಾಲೇಜುಗಳು ಒಂದೊಂದಾಗಿ ಮತ್ತೆ ಕೇಳತೊಡಗಿವೆ. ಎಂಐಟಿ 2022ರಲ್ಲೇ ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್ ಅದೇ ದಾರಿ ಹಿಡಿದವು. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು, ಜಾರ್ಜಿಯಾ ಟೆಕ್ ಕೂಡ ಕೇಳುತ್ತವೆ. ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದೆ. ಅಲ್ಲಿ ನೀವು ಅಂಕ ಕಳಿಸಿದರೂ ಪ್ರವೇಶಕ್ಕೆ ನೋಡುವುದಿಲ್ಲ. ಕೆಲವೆಡೆ ಓದಿನ ಸ್ಕಾಲರ್‌ಶಿಪ್‌ಗೂ ಅಂಕ ಕೇಳುತ್ತಾರೆ. ಈಜು, ಟೆನ್ನಿಸ್, ಅಥ್ಲೆಟಿಕ್ಸ್‌ನಂಥ ಆಟಗಳಲ್ಲಿ ಎಲ್ಲರಿಗೂ ಪೂರ್ತಿ ಕ್ರೀಡಾ ಸ್ಕಾಲರ್‌ಶಿಪ್ ಸಿಗುವುದಿಲ್ಲ. ಅರ್ಧ ಅಲ್ಲಿಂದ, ಅರ್ಧ ಓದಿನಿಂದ ಅಂತ ಜೋಡಿಸಬೇಕಾಗುತ್ತದೆ. ಹಾಗಾಗಿ ನನ್ನ ಸಲಹೆ: ಬರೆದುಬಿಡಿ. ಅಂಕ ಚೆನ್ನಾಗಿ ಬಂದರೆ ಕಳಿಸಿ, ಇಲ್ಲದಿದ್ದರೆ ಕೇಳದ ಕಾಲೇಜುಗಳಿಗೆ ಸುಮ್ನೆ ಇರಿ.

ಈಗ ಸ್ಯಾಟ್ ಕಂಪ್ಯೂಟರಿನಲ್ಲೇ. 2 ಗಂಟೆ 14 ನಿಮಿಷ, ಒಟ್ಟು 1600 ಅಂಕ. ಎಷ್ಟು ಸಲ ಬೇಕಾದರೂ ಬರೆಯಬಹುದು. ಮಾರ್ಚ್ ಪರೀಕ್ಷೆ ನಮ್ಮ ಪಿಯು ಪರೀಕ್ಷೆಯ ಹೊತ್ತಿಗೇ ಬೀಳುತ್ತದೆ, ಅದನ್ನು ಬಿಟ್ಟುಬಿಡಿ. ಫಸ್ಟ್ ಪಿಯು ಮುಗಿದ ಮೇಲೆ ಮೇ ಅಥವಾ ಜೂನ್‌ನಲ್ಲಿ ಒಮ್ಮೆ, ಬೇಕಾದರೆ ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರೆದರೆ ನವೆಂಬರ್‌ನ ಮೊದಲ ಸುತ್ತಿನ ಅರ್ಜಿಗಳಿಗೆ ಸರಿಹೋಗುತ್ತದೆ. ಇಂಗ್ಲಿಷ್ ಭಾಷೆಯ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಕೇ ಎಂಬುದನ್ನೂ ಅದೇ ಸಮಯದಲ್ಲಿ ಕೇಳಿಕೊಳ್ಳಿ.

ಹಂತ 7: ಹನ್ನೆರಡನೇ ಆದ ಮೇಲೆ ವರ್ಷ ಕಳೆಯಬೇಡಿ

‘ಒಂದು ವರ್ಷ ಪೂರ್ತಿ ಆಟಕ್ಕೇ ಕೊಡೋಣ, ಆಮೇಲೆ ಹೋಗೋಣ’ ಎಂಬ ಯೋಚನೆ ನಮ್ಮ ಮನೆಗಳಲ್ಲಿ ಬರುತ್ತದೆ ಅಲ್ವಾ? ಇದು ಅಪಾಯಕಾರಿ. ಶಾಲೆ ಮುಗಿದ ಮೇಲೆ ಕಾಲೇಜು ಸೇರದೆ ಟೂರ್ನಿಗಳನ್ನು ಆಡುತ್ತಾ ಹೋದರೆ, ಗಡುವು ಮೀರಿದ ನಂತರ ಕಾಲೇಜು ತಂಡದಲ್ಲಿ ಆಡಬಹುದಾದ ವರ್ಷಗಳಲ್ಲೇ ಕಡಿತ ಆಗಬಹುದು. ಗಡುವು ಎಲ್ಲ ಆಟಕ್ಕೂ ಒಂದೇ ಅಲ್ಲ. ಒಂಬತ್ತರಿಂದ ಹನ್ನೆರಡರ ನಡುವೆ ಒಂದು ತರಗತಿಯನ್ನು ಮತ್ತೆ ಓದಿದರೂ ತೊಂದರೆ ಬರುತ್ತದೆ, ಏಕೆಂದರೆ ಕೋರ್ ವಿಷಯಗಳನ್ನು ಸಮಯಕ್ಕೆ ಸರಿಯಾಗಿ ಮುಗಿಸಿರಬೇಕು.

ಹಂತ 8: ಸೇರಿದ ಮೇಲಿನ ಲೆಕ್ಕ

ಅಲ್ಲಿ ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಅಂತ ತೂಕ ಇರುತ್ತದೆ. ಪ್ರತಿ ಸೆಮಿಸ್ಟರ್ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್‌ಗೆ ದಾಖಲಾಗಿರಬೇಕು, 6 ಆದರೂ ಪಾಸಾಗಬೇಕು. ಡಿವಿಷನ್ 1ರಲ್ಲಿ ಎರಡನೇ ವರ್ಷಕ್ಕೆ ಕಾಲಿಡುವ ಮೊದಲು 24 ಕ್ರೆಡಿಟ್ ಕೈಯಲ್ಲಿರಬೇಕು. ಮೂರನೇ ವರ್ಷದ ಹೊತ್ತಿಗೆ ಪದವಿಯ ಶೇ 40, ನಾಲ್ಕಕ್ಕೆ ಶೇ 60, ಐದಕ್ಕೆ ಶೇ 80 ಮುಗಿದಿರಬೇಕು. ಇಡೀ ತಂಡದ ಓದಿಗೂ ಒಂದು ಅಂಕ ಇದೆ. 1000ಕ್ಕೆ 930ಕ್ಕಿಂತ ಕೆಳಗೆ ಇಳಿದರೆ ಆ ತಂಡ ಚಾಂಪಿಯನ್‌ಷಿಪ್ ಆಡುವಂತಿಲ್ಲ. ಕೋಚ್ ನಿಮ್ಮ ಕ್ಲಾಸಿನ ಹಾಜರಾತಿ ವಿಚಾರಿಸುವುದಕ್ಕೆ ಇದೂ ಒಂದು ಕಾರಣ.

ಸೀಸನ್‌ನಲ್ಲಿ ಕಡ್ಡಾಯ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಪ್ರಯಾಣ ಇದರಲ್ಲಿ ಸೇರುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದವರು ಹಣದ ವಿಷಯದಲ್ಲೂ ಎಚ್ಚರ ಇರಬೇಕು. 2025ರ ಜುಲೈಯಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆದರೆ ಕ್ರೀಡಾ ನಿಯಮ ಒಪ್ಪಿದ್ದನ್ನೆಲ್ಲ ವೀಸಾ ನಿಯಮ ಒಪ್ಪುತ್ತದೆ ಅಂತಿಲ್ಲ. ಒಪ್ಪಿಕೊಳ್ಳುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಬೇಕು.

ಕೊನೆಯದಾಗಿ, ಕೋರ್ಸ್ ಬದಲಾಯಿಸುವ ವಿಷಯ. ಮೊದಲ ಎರಡು ವರ್ಷ ಎಂಜಿನಿಯರಿಂಗ್ ಓದಿ, ಮೂರನೇ ವರ್ಷ ಎಕನಾಮಿಕ್ಸ್‌ಗೆ ಹೋದರೆ, ಶೇ 40ರ ಲೆಕ್ಕಕ್ಕೆ ಹೊಸ ಪದವಿಗೆ ಹೊಂದುವ ಕ್ರೆಡಿಟ್‌ಗಳು ಮಾತ್ರ ಬರುತ್ತವೆ. ಎಲ್ಲ ವಿಷಯದಲ್ಲೂ ಒಳ್ಳೆಯ ಗ್ರೇಡ್ ಇದ್ದೂ ಒಂದು ಸೀಸನ್ ಹೊರಗೆ ಕೂರಬೇಕಾಗಬಹುದು. ಬದಲಾವಣೆಯ ಫಾರ್ಮ್ ತುಂಬುವ ಮೊದಲು ಅಥ್ಲೆಟಿಕ್ಸ್ ವಿಭಾಗದ ಅಕಾಡೆಮಿಕ್ ಅಡ್ವೈಸರ್ ಬಳಿ ಹೋಗಿ, ಹೊಸ ಪದವಿಯಲ್ಲಿ ನಿಮ್ಮ ಶೇಕಡಾವಾರು ಎಷ್ಟಾಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ.