ಬೀರುವಿನಲ್ಲಿ ಬೇರೆಯವರ ಸೀರೆಗಳು

ಮೊದಲ ಸೀರೆಗೆ ನನಗೆ ಸಿಕ್ಕಿದ್ದು 40 ರೂಪಾಯಿ. ತುಮಕೂರಿನ ನಮ್ಮ ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯೊಂದಿತ್ತು. ಸೀರೆಯನ್ನೂ ದಾರವನ್ನೂ ಅವರೇ ಕೊಡುತ್ತಿದ್ದರು. ನಾನು ಮನೆಯಲ್ಲಿ ಕೂತು ಸೆರಗಿಗೆ ಕುಚ್ಚು ಕಟ್ಟಿ ಮರುದಿನ ಕೊಟ್ಟುಬರುತ್ತಿದ್ದೆ. ಅದೇ ಕುಚ್ಚಿಗೆ ಅವರು 200 ರೂಪಾಯಿ ತೆಗೆದುಕೊಳ್ಳುತ್ತಾರೆಂದು ತಿಳಿದದ್ದು ಮೂರು ತಿಂಗಳ ಮೇಲೆ, ಪಕ್ಕದ ಮನೆಯವರ ಸೀರೆಯೇ ಸುತ್ತಿ ಬಳಸಿ ನನ್ನ ಕೈಗೆ ಬಂದಾಗ. ಇದು 2018ರ ಮಾತು. ಆ ದಿನ ಬಂದ ಸಿಟ್ಟು ಈಗ ಇಲ್ಲ. ಉಳಿದ 160 ರೂಪಾಯಿ ಯಾವುದಕ್ಕೆ ಎಂಬುದು ನಾನೇ ಗಿರಾಕಿಗಳಿಂದ ನೇರವಾಗಿ ಸೀರೆ ತೆಗೆದುಕೊಂಡು ಕುಚ್ಚು ಕಟ್ಟತೊಡಗಿದ ಮೇಲೆ ಅರ್ಥವಾಯಿತು. ಬೇರೆಯವರ ಸೀರೆ ಮನೆಯಲ್ಲಿ ಇಟ್ಟುಕೊಂಡು ನಿದ್ದೆ ಮಾಡುವುದಕ್ಕೆ ಆ ದುಡ್ಡು.

ಹಾಕಿದ ಬಂಡವಾಳ 1,350 ರೂಪಾಯಿ. ರೇಷ್ಮೆ ದಾರದ ಉಂಡೆಗಳು, ಜರಿ ದಾರದ ಎರಡು ರೀಲು, ಸೂಜಿ, ಬಟ್ಟೆಗೆ ಹಾಕುವ ಅಂಟು, ಒಂದು ಒಳ್ಳೆಯ ಕತ್ತರಿ. ಕತ್ತರಿಗೇ 300 ಕೊಟ್ಟೆ. ಯಜಮಾನರು ಹುಬ್ಬೇರಿಸಿದರು. ಆ ಕತ್ತರಿಯಿಂದ ಇವತ್ತಿಗೂ ಮನೆಯಲ್ಲಿ ಯಾರೂ ಹಾಲಿನ ಪೊಟ್ಟಣ ಕತ್ತರಿಸುವಂತಿಲ್ಲ.

ಕುಚ್ಚು ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಸೆರಗಿನ ತುದಿಯನ್ನು ಸಣ್ಣದಾಗಿ ಮಡಿಸಿ ಹೊಲಿದ ಮೇಲೆ ಅರ್ಧ ಇಂಚಿಗೊಂದು ಗುರುತು ಹಾಕಬೇಕು. ಸೆರಗಿನ ಅಗಲ ಸುಮಾರು 46 ಇಂಚು, ಎಂದರೆ ತೊಂಬತ್ತರ ಆಸುಪಾಸಿನಲ್ಲಿ ಕುಚ್ಚುಗಳು. ಇಪ್ಪತ್ತು ಎಳೆ ರೇಷ್ಮೆಯನ್ನು ಒಟ್ಟಿಗೆ ಸೂಜಿಗೆ ಪೋಣಿಸಿ, ಮಡಿಕೆಯೊಳಗಿಂದ ಎಳೆದು, ಎರಡೂ ಬದಿ ಸಮ ಉದ್ದ ಬಿಟ್ಟು ಕತ್ತರಿಸುವುದು. ಬುಡದಲ್ಲಿ ಜರಿ ದಾರವನ್ನು ಐದು ಸುತ್ತು ಬಿಗಿದು ಗಂಟು ಹಾಕಿ, ಗಂಟಿನ ಮೇಲೆ ಸಾಸಿವೆ ಕಾಳಿನಷ್ಟು ಅಂಟು. ಬಿಗಿ ಹೆಚ್ಚಾದರೆ ಸೆರಗು ನೆರಿಗೆ ಕಟ್ಟುತ್ತದೆ, ಕಡಿಮೆಯಾದರೆ ಮೊದಲ ಸಲ ಉಟ್ಟಾಗಲೇ ಎಳೆಗಳು ಜಾರುತ್ತವೆ. ಒಂದಕ್ಕೆ ಒಂದೂವರೆ ನಿಮಿಷ. ಕೊನೆಗೆ ರಟ್ಟಿನ ಪಟ್ಟಿ ಇಟ್ಟು ತುದಿಗಳನ್ನು ಸಮ ಮಾಡಿ, ಹಬೆ ತೋರಿಸಿ ಎಳೆಗಳ ಸುರುಳಿ ಬಿಡಿಸುವುದು. ಎಲ್ಲ ಸೇರಿ ಹತ್ತಿರ ಹತ್ತಿರ ಮೂರು ಗಂಟೆ. ಇದು ಸಾದಾ ಬೇಬಿ ಕುಚ್ಚಿನ ಲೆಕ್ಕ. ಕ್ರೋಶಾ ಕಡ್ಡಿಯಲ್ಲಿ ಮಣಿ ಸೇರಿಸಿ ಹೆಣೆದರೆ ಒಂದು ದಿನ ಹೋಗುತ್ತದೆ. 40 ರೂಪಾಯಿಯನ್ನು ಮೂರು ಗಂಟೆಗೆ ಭಾಗಿಸಿ ನೋಡಿದ ದಿನವೇ ಅಂಗಡಿಯ ಕೆಲಸ ಬಿಟ್ಟೆ. ಸಾದಾ ಕುಚ್ಚಿಗೆ 150 ಎಂದು ಶುರು ಮಾಡಿದೆ, ಈಗ 250. ಕ್ರೋಶಾ 700ರಿಂದ ಮೇಲಕ್ಕೆ.

ಹಬೆ ತೋರಿಸುವಾಗಲೇ ನನಗೆ ಮೊದಲ ಪೆಟ್ಟು ಬಿದ್ದದ್ದು. 2019ರಲ್ಲಿ ಒಬ್ಬರು ತಮ್ಮನ ಮದುವೆಗೆಂದು ಕೆನೆ ಬಣ್ಣದ ರೇಷ್ಮೆ ಸೀರೆ ಕೊಟ್ಟಿದ್ದರು, ಅಂಚು ಕೆಂಪು. ಅಂಚಿಗೆ ಒಪ್ಪುವ ದಾರ ಮನೆಯಲ್ಲಿರಲಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಉಂಡೆ ತಂದು ಕಟ್ಟಿದೆ. ಹಬೆ ತಾಗಿದ್ದೇ ತಡ, ಕೆಂಪು ಬಿಟ್ಟು ಕೆನೆಯೊಳಗೆ ಒಂದು ಗೇಣು ಹತ್ತಿತು. ಉಪ್ಪು, ತಣ್ಣೀರು, ಅತ್ತೆಯವರ ಸೀಗೆಪುಡಿ ಎಲ್ಲ ಆಯಿತು. ಕೆಂಪು ಹೋಗಿ ಗುಲಾಬಿಯಾಯಿತು, ಅಷ್ಟೇ. ಅವರು ಬಂದು ನೋಡುವ ಮೊದಲೇ ನಾನೇ ಫೋನ್ ಮಾಡಿ ಹೇಳಿದೆ. ಸೀರೆಯ ಬೆಲೆ 5,800. ಅವರು 3,000 ಸಾಕು ಎಂದರು, ಮೂರು ಕಂತಿನಲ್ಲಿ ಕೊಟ್ಟೆ. ಆಕೆ ಮತ್ತೆ ಬರಲಿಲ್ಲ. ಆಕೆಯ ಓರಗಿತ್ತಿ ಮಾತ್ರ ಈಗಲೂ ಬರುತ್ತಾರೆ, ಕೆನೆ ಬಣ್ಣದ ಸೀರೆ ಮಾತ್ರ ತರುವುದಿಲ್ಲ. ಅಂದಿನಿಂದ ಹೊಸ ಉಂಡೆ ಮನೆಗೆ ಬಂದರೆ ಒಂದು ಎಳೆ ಕತ್ತರಿಸಿ, ಒದ್ದೆ ಮಾಡಿದ ಬಿಳಿ ಪಂಚೆಯ ತುಂಡಿನ ನಡುವೆ ಇಟ್ಟು ಇಸ್ತ್ರಿ ಒತ್ತುತ್ತೇನೆ. ಪಂಚೆಗೆ ಬಣ್ಣ ಹತ್ತಿದರೆ ಆ ಉಂಡೆ ಮಗಳ ಶಾಲೆಯ ಕ್ರಾಫ್ಟ್ ಕೆಲಸಕ್ಕೆ.

ದಾರಕ್ಕೆ ಈಗ ಬೆಂಗಳೂರಿಗೇ ಹೋಗುತ್ತೇನೆ. ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಬಸ್ ಇಳಿದು ಮೆಟ್ರೋ ಹತ್ತಿದರೆ ನೇರ ಚಿಕ್ಕಪೇಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಇಲ್ಲ. ಮೊದಲು ಮೂರು ತಿಂಗಳಿಗೊಮ್ಮೆ ಹೋಗಿ ಕಂಡದ್ದನ್ನೆಲ್ಲ ಹೊತ್ತು ತರುತ್ತಿದ್ದೆ, ಬೇಡದ ಬಣ್ಣಗಳು ಡಬ್ಬಿಯಲ್ಲಿ ಕೂರುತ್ತಿದ್ದವು. ಈಗ ಸೀರೆಯ ಅಂಚಿನ ಒಂದು ಎಳೆಯನ್ನು ಕಾಗದಕ್ಕೆ ಅಂಟಿಸಿಕೊಂಡು ಹೋಗಿ, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿನಲ್ಲಿ ಹೊಂದಿಸಿ ತರುತ್ತೇನೆ. ಮೊಬೈಲ್ ಚಿತ್ರ ನಂಬಿ ದಾರ ತಂದವರು ಯಾರೂ ಸುಖಪಟ್ಟಿಲ್ಲ.

ಎರಡನೆಯ ಪೆಟ್ಟು ಗೌರಿ ಹಬ್ಬದ ಹಿಂದಿನ ದಿನ. ಗಿಳಿಹಸಿರು ಒಡಲು, ಕೆಂಪು ಅಂಚು. ಅಂಥವೇ ಎರಡು ಸೀರೆ, ಇಬ್ಬರು ಹೆಂಗಸರು. ನಾನು ಹೂವು ತರಲು ಹೋಗಿದ್ದೆ, ಅತ್ತೆ ಅದನ್ನು ಇವರಿಗೂ ಇದನ್ನು ಅವರಿಗೂ ಕೊಟ್ಟು ಕಳಿಸಿದ್ದರು. ರಾತ್ರಿ ಹತ್ತಕ್ಕೆ ಯಜಮಾನರ ಸ್ಕೂಟರ್ ಮೇಲೆ ಎರಡು ಮನೆ ಸುತ್ತಿ ಬದಲಾಯಿಸಿಕೊಂಡು ಬಂದೆ. ಒಂದು ಮನೆಯಲ್ಲಿ ಸೀರೆಯನ್ನು ಆಗಲೇ ಕಳಶದ ಮುಂದೆ ಇಟ್ಟಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಬಂದದ್ದು ಪುಸ್ತಕ. ಇನ್ನೂರು ಪುಟದ ರೂಲ್ಡ್ ಪುಸ್ತಕದಲ್ಲಿ ಸೀರೆಗೊಂದು ಸಂಖ್ಯೆ. ಅದೇ ಸಂಖ್ಯೆ ಬರೆದ ಬಟ್ಟೆಯ ಚೀಟಿಯನ್ನು ಫಾಲ್ (ಸೀರೆಯ ಕೆಳ ಅಂಚಿಗೆ ಒಳಗಿನಿಂದ ಹೊಲಿಯುವ ಪಟ್ಟಿ) ಬರುವ ಜಾಗದಲ್ಲಿ ಸಡಿಲವಾಗಿ ಒಂದು ಹೊಲಿಗೆ ಹಾಕಿ ಸಿಕ್ಕಿಸುತ್ತೇನೆ. ಗುಂಡುಸೂಜಿ ಚುಚ್ಚುವುದಿಲ್ಲ, ರೇಷ್ಮೆಗೆ ತೂತು ಬೀಳುತ್ತದೆ, ತುಕ್ಕೂ ಹತ್ತುತ್ತದೆ. ಸೀರೆ ಕೊಟ್ಟವರ ಎದುರಿಗೇ ಸೆರಗು ಬಿಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆದು, ಮೊದಲೇ ಇರುವ ಕಲೆ, ಎಳೆ ಎದ್ದ ಜಾಗ ಇದ್ದರೆ ತೋರಿಸಿ ಬರೆದುಕೊಳ್ಳುತ್ತೇನೆ. ‘ನಮ್ಮ ಮೇಲೆ ನಂಬಿಕೆ ಇಲ್ಲವಾ’ ಎಂದು ಮುಖ ಸಣ್ಣ ಮಾಡಿದವರಿದ್ದಾರೆ. ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಬಂದರೆ ನನಗೆ ಅರ್ಧ ನೆಮ್ಮದಿ: ಪ್ರತಿ ಸೀರೆಯಲ್ಲೂ ಅದರದೇ ಸಂಖ್ಯೆ ನೇಯ್ದಿರುತ್ತದೆ, ಅದನ್ನೇ ಪುಸ್ತಕಕ್ಕೆ ಇಳಿಸಿದರಾಯಿತು. ಇಳಕಲ್ ಸೀರೆ ಬಂದರೆ ಕೆಲಸ ಕಡಿಮೆ ಇರುತ್ತದೆ. ಅದರ ಕೆಂಪು ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳನ್ನೇ ಗಂಟು ಹಾಕಿದರೆ ಮುಗಿಯಿತು. ಅದಕ್ಕೂ ಮಣಿ ಪೋಣಿಸಿ ಎಂದು ಕೇಳುವವರಿದ್ದಾರೆ. ನಾನು ಒಲ್ಲೆ ಎನ್ನುತ್ತೇನೆ. ದುಡ್ಡು ಬೇಡವೆಂದಲ್ಲ, ಆ ಸೆರಗಿಗೆ ಅದು ಒಪ್ಪುವುದಿಲ್ಲ.

ಮನೆಯಲ್ಲಿ ಸೀರೆ ಇಡುವುದೆಂದರೆ ಇಲಿ, ಜಿರಲೆ, ಮಗುವಿನ ಕೈ ಇಷ್ಟೇ ಎಂದುಕೊಂಡಿದ್ದೆ. ಒಗ್ಗರಣೆಯನ್ನು ಮರೆತಿದ್ದೆ. ಒಬ್ಬ ಹಿರಿಯರು ಸೀರೆ ಬಿಡಿಸಿ ನೋಡುತ್ತಾ, ‘ಏನಮ್ಮಾ, ಇವತ್ತು ಹುಳಿಗೆ ಇಂಗು ಜಾಸ್ತಿಯಾಯಿತೇ?’ ಎಂದರು. ರೇಷ್ಮೆ ವಾಸನೆ ಹಿಡಿಯುವಷ್ಟು ಬೇಗ ಬಣ್ಣವನ್ನೂ ಹಿಡಿಯುವುದಿಲ್ಲ. ಈಗ ಅತ್ತೆ ಒಲೆಯ ಮೇಲೆ ಎಣ್ಣೆ ಇಡುವ ಮೊದಲು ‘ಬಾಗಿಲು’ ಎಂದು ಒಂದು ಕೂಗು ಹಾಕುತ್ತಾರೆ, ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಸೀರೆಗಳು ಅತ್ತೆಯವರ ಕಬ್ಬಿಣದ ಬೀರುವಿನಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಇಡುವುದಿಲ್ಲ, ಜರಿ ಕಪ್ಪಾಗುತ್ತದೆ. ಬೀಗದ ಕೈ ಅತ್ತೆಯವರ ಸೊಂಟದಲ್ಲಿ. ಗಿಳಿಹಸಿರಿನ ಪ್ರಸಂಗದ ಮೇಲೆ ಸೀರೆ ಕೊಡುವಾಗ ಪುಸ್ತಕ ತೆರೆದು ಸಂಖ್ಯೆ ಓದಿಸುವುದು ಅವರೇ, ನನಗಿಂತ ಕಟ್ಟುನಿಟ್ಟು.

2021ರಲ್ಲಿ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆ. ಅದಕ್ಕೆ ಶುಲ್ಕವಿಲ್ಲ, ಮಾಡಿಕೊಡುತ್ತೇನೆಂದು 500 ಕೇಳಿದವನಿಗೆ ಕೈಮುಗಿದು ಮಗಳ ಸಹಾಯದಿಂದ ನಾನೇ ಮಾಡಿಕೊಂಡೆ. ಆ ಕಾಗದ ಹಿಡಿದು ಮುದ್ರಾ ಯೋಜನೆಯ ಶಿಶು ಸಾಲಕ್ಕೆ ಹೋದೆ. 50,000ದವರೆಗೆ ಅಡಮಾನವಿಲ್ಲದೆ ಕೊಡುವ ಸಾಲ ಅದು. ಬ್ಯಾಂಕಿನವರು ‘ಅಂಗಡಿ ಎಲ್ಲಿ?’ ಎಂದರು. ಮನೆಯೇ ಎಂದೆ. ಮೂರು ಸಲ ಅಲೆದ ಮೇಲೆ, ನಾಲ್ಕನೆಯ ಸಲ ನನ್ನ ಸೀರೆ ಪುಸ್ತಕವನ್ನೇ ಒಯ್ದು ಮೇಜಿನ ಮೇಲೆ ಇಟ್ಟೆ. ದಿನಾಂಕ, ಸಂಖ್ಯೆ, ದರ, ಕೊಟ್ಟ ದಿನ. ಅವರು ಪುಟ ತಿರುಗಿಸಿ ನೋಡಿ ಅರ್ಜಿ ತೆಗೆದುಕೊಂಡರು. 40,000ದಲ್ಲಿ ಜಿಗ್‌ಜಾಗ್ ಹೊಲಿಗೆ ಯಂತ್ರ ಬಂತು, ಫಾಲ್ ಹಾಕುವ ಕೆಲಸವೂ ಸೇರಿತು. ಫಾಲ್ ಬಟ್ಟೆಯನ್ನು ರಾತ್ರಿ ನೆನೆಸಿ ಒಣಗಿಸಿ ಹೊಲಿಯಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆಯ ಅಂಚು ಮುದುಡುತ್ತದೆ.

ಈಗ ಇಬ್ಬರು ಬಂದು ಕಟ್ಟುತ್ತಾರೆ, ಬೆಳಗ್ಗೆ ಹನ್ನೊಂದರಿಂದ ಮೂರು. ಸಾದಾ ಸೀರೆಗೆ 120 ಕೊಡುತ್ತೇನೆ. ‘ಮನೆಗೆ ಒಯ್ದು ರಾತ್ರಿ ಕಟ್ಟಿ ತರುತ್ತೇವೆ ಅಕ್ಕಾ’ ಎಂದು ಕೇಳಿದರು. ಹಾಗೆ ಮಾಡಿದ್ದರೆ ಕೆಲಸ ಇಮ್ಮಡಿಯಾಗುತ್ತಿತ್ತು. ಆದರೆ ಸೀರೆ ನಮ್ಮ ಹೊಸ್ತಿಲು ದಾಟುವುದಾದರೆ ಅದರ ಒಡತಿಯ ಕೈಗೆ ಮಾತ್ರ.

ತಿಂಗಳಿಗೆ ಸರಾಸರಿ ಒಂಬತ್ತರಿಂದ ಹನ್ನೊಂದು ಸಾವಿರ ಉಳಿಯುತ್ತದೆ ಎಂದು ಹೇಳಬಹುದು, ಆದರೆ ಅಂಥ ತಿಂಗಳು ವರ್ಷದಲ್ಲಿ ಒಂದೂ ಬರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಎರಡು ವಾರ ಊಟಕ್ಕೂ ಪುರಸೊತ್ತಿಲ್ಲ, ಆಷಾಢದಲ್ಲಿ ನೊಣ ಹೊಡೆಯುವುದು. 2023ರಲ್ಲಿ ಆಷಾಢ ಮುಗಿಯಿತು ಎನ್ನುವಷ್ಟರಲ್ಲಿ ಅಧಿಕ ಶ್ರಾವಣ. ಜೂನ್ 19ರಿಂದ ಆಗಸ್ಟ್ 16ರವರೆಗೆ ಮದುವೆ ಎಂಬ ಮಾತಿಲ್ಲ. ಸಾಲದ ಕಂತಿಗೆ ಬಳೆ ಅಡವಿಡುವ ಯೋಚನೆ ಮಾಡಬೇಕಾಯಿತು. ಅಲ್ಲಿಂದೀಚೆಗೆ ಯುಗಾದಿಗೆ ಪಂಚಾಂಗ ತಂದರೆ ನಾನು ರಾಶಿಫಲ ನೋಡುವುದಿಲ್ಲ, ಅಧಿಕಮಾಸ ನೋಡುತ್ತೇನೆ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಮದುವೆಯ ಕಾಲದ ನಡುವೆಯೇ ಬರುತ್ತದೆ. ಅದಕ್ಕೆಂದು ಹಿಂದಿನ ಶ್ರಾವಣದ ದುಡ್ಡಿನಲ್ಲೇ ಒಂದು ಪಾಲು ಬೇರೆ ಡಬ್ಬಿಗೆ ಹಾಕಿಟ್ಟೆ.

ನೆಂಟರ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಒಂದೋ ಪೂರ್ತಿ ದುಡ್ಡು, ಇಲ್ಲವೇ ಅರಿಶಿನ ಕುಂಕುಮದ ಜೊತೆಗೆ ಪೂರ್ತಿ ಉಡುಗೊರೆ. ಅರ್ಧ ದುಡ್ಡು ತೆಗೆದುಕೊಂಡಾಗಲೆಲ್ಲ ಜಗಳವಾಗಿದೆ.

ಪುಸ್ತಕದಲ್ಲಿ ಎಲ್ಲ ಸಾಲುಗಳ ಮೇಲೂ ಕೊಟ್ಟ ದಿನಾಂಕ ಬರೆದು ಗೆರೆ ಎಳೆದಿದ್ದೇನೆ, 412ನೆಯದರ ಹೊರತು. ನೇರಳೆ ಒಡಲು, ಸಾಸಿವೆ ಬಣ್ಣದ ಅಂಚು, ಕ್ರೋಶಾ ಕುಚ್ಚು, ಬಾಕಿ 300. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿಗೆ ಹತ್ತು ದಿನ ಮುಂಚೆ ಕೊಟ್ಟು ಹೋದವರು. ಫೋನ್ ಒಂದು ವರ್ಷ ಬಡಿದುಕೊಂಡಿತು, ಆಮೇಲೆ ಆ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು. ಅವರು ಹೇಳಿದ್ದ ಬೀದಿಯಲ್ಲಿ ವಿಚಾರಿಸಿದೆ, ಬಾಡಿಗೆಗೆ ಇದ್ದವರು, ಖಾಲಿ ಮಾಡಿದರು ಎಂದರು. ‘ಉಟ್ಟುಕೊಳ್ಳಬಾರದೇ’ ಎಂದು ಒಬ್ಬಳು ಕೇಳಿದಳು. ಅತ್ತೆ ಅವಳನ್ನು ನೋಡಿದ ನೋಟಕ್ಕೆ ಅವಳು ಇನ್ನೊಂದು ಸಲ ಕೇಳಲಿಲ್ಲ. ಒಂದೇ ಮಡಿಕೆಯಲ್ಲಿ ಇಟ್ಟರೆ ರೇಷ್ಮೆ ಗೆರೆಯುದ್ದಕ್ಕೂ ಸೀಳುತ್ತದೆ. ಅದಕ್ಕೇ ಪ್ರತಿ ವರ್ಷ ಶ್ರಾವಣದ ಮೊದಲ ವಾರ 412ನ್ನು ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಅತ್ತೆ ಮತ್ತೆ ಬೀರುವಿನ ಮೇಲಿನ ಖಾನೆಯಲ್ಲಿ ಇಡುತ್ತಾರೆ.