ಲಾರಿ ಸ್ಟೇರಿಂಗ್ ಮೇಲೆ ಕೈ ಎಲ್ಲಿರಬೇಕು, ಯಾಕೆ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವಾಗ ಆಷಾಢದ ಗಾಳಿ ಎಡಗಡೆಯಿಂದ ಬಡಿಯುತ್ತದೆ. ಗುಡ್ಡಗಳ ಮೇಲೆ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿರುವುದೇ ಆ ಗಾಳಿಗಾಗಿ. ಖಾಲಿ ಲಾರಿಯನ್ನೋ, ತಾಡಪಾಲು ಕಟ್ಟಿದ ಹಗುರ ಲೋಡನ್ನೋ ಅದು ಡಿವೈಡರ್ ಕಡೆ ನೂಕುತ್ತದೆ. ಲಾರಿಯ ಅಗಲ ಸುಮಾರು 2.5 ಮೀಟರ್, ಹೆದ್ದಾರಿಯ ಒಂದು ಲೇನ್ 3.5 ಮೀಟರ್. ಲೇನಿನ ನಡುವೆ ಹೋಗುತ್ತಿದ್ದರೂ ಪಕ್ಕಕ್ಕೆ ಉಳಿಯುವುದು ಅರ್ಧರ್ಧ ಮೀಟರ್ ಮಾತ್ರ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿಯ ಮುಖ ಬರೀ 2 ಡಿಗ್ರಿ ತಿರುಗಿದರೂ ಸೆಕೆಂಡಿಗೆ ಮುಕ್ಕಾಲು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಒಂದು ಸೆಕೆಂಡ್ ಕಳೆಯುವುದರೊಳಗೆ ಲೇನ್ ಬಿಟ್ಟಿರುತ್ತೀರಿ. ಕಿಟಕಿಯ ಮೇಲಿದ್ದ ಕೈ ಸ್ಟೇರಿಂಗಿಗೆ ಬರಲು ಅಷ್ಟು ಹೊತ್ತು ಬೇಕೇ ಬೇಕು.

ಹಾಗಾಗಿ ಮೊದಲ ಮಾತು ಬಲಗೈದು. ನಮ್ಮಲ್ಲಿ ಗೇರ್ ಎಡಗೈಗೆ. ಗೇರ್ ಹಾಕುವಾಗಲೆಲ್ಲ 28 ಟನ್ ಗಾಡಿ ಬಲಗೈ ಒಂದರ ಮೇಲೆಯೇ ಓಡುತ್ತಿರುತ್ತದೆ. ಆದರೂ ಹೆಚ್ಚಿನವರು ಬಲಮೊಳಕೈಯನ್ನು ಕಿಟಕಿಯ ಮೇಲಿಟ್ಟು ಎಡಗೈಯಲ್ಲಿ ಗಾಡಿ ಓಡಿಸುತ್ತಾರೆ. ಗೇರ್ ಬದಲಿಸುವ ಹೊತ್ತಿಗೆ ಕೈ ಅದಲುಬದಲಾಗಬೇಕು, ಆ ನಡುವೆ ಸ್ಟೇರಿಂಗ್ ಹಿಡಿದವರೇ ಇರುವುದಿಲ್ಲ. ಬಲಗೈ ಗಡಿಯಾರದ 3 ಗಂಟೆ ಜಾಗದಲ್ಲಿರಲಿ, ಗಾಡಿ ನಿಲ್ಲುವವರೆಗೆ ಅಲ್ಲೇ ಇರಲಿ. ಎಡಗೈ 9 ಗಂಟೆ ಜಾಗದಲ್ಲಿರಲಿ, ಗೇರ್ ಹಾಕಿದ ಕೂಡಲೇ ಅಲ್ಲಿಗೆ ವಾಪಸ್ ಬರಲಿ.

ಡ್ರೈವಿಂಗ್ ಕಲಿಯುವಾಗ 10–2 ಎಂದು ಹೇಳಿಕೊಟ್ಟಿರಬಹುದು. ಲಾರಿ, ಬಸ್ಸುಗಳ ಸ್ಟೇರಿಂಗ್ ದೊಡ್ಡದು, ಕಾರಿನದಕ್ಕಿಂತ ಹೆಚ್ಚು ಮಲಗಿದಂತಿರುತ್ತದೆ. 10–2ರಲ್ಲಿ ಹಿಡಿದರೆ ತೋಳು ಮುಂದಕ್ಕೆ ಚಾಚಿಯೇ ಇರಬೇಕು, ದಾವಣಗೆರೆ ಬರುವಷ್ಟರಲ್ಲಿ ಭುಜ ಸೋಲುತ್ತದೆ. ಭುಜ ಸೋತಾಗಲೇ ಒಂದು ಕೈ ಕೆಳಗಿಳಿಯುವುದು. ತೀರಾ ಮಲಗಿದ ಬಸ್ ಸ್ಟೇರಿಂಗಿನಲ್ಲಿ 8–4 ಕೂಡ ನಡೆಯುತ್ತದೆ.

ಕೈ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಸೀಟ್ ಸರಿಯಿರಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರುವಷ್ಟು ಸೀಟನ್ನು ಹತ್ತಿರ ತನ್ನಿ. ಆಮೇಲೆ ಬೆನ್ನು ಒರಗಿಸಿ ಕೈ ಚಾಚಿ, ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು. ಭುಜ ಸೀಟಿನಿಂದ ಎದ್ದರೆ ದೂರ ಕೂತಿದ್ದೀರಿ. ಸ್ಟೇರಿಂಗ್ ಎತ್ತರ ಬದಲಿಸುವ ಲಿವರ್ ಇದ್ದರೆ ಗಾಡಿ ನಿಂತಿರುವಾಗಲೇ ಹೊಂದಿಸಿ, ಲಾಕ್ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡಿ.

ಹೆಬ್ಬೆರಳನ್ನು ಸುತ್ತಿ ಒಳಗೆ ಹಾಕಬೇಡಿ, ಅಂಚಿನ ಮೇಲೆ ಉದ್ದಕ್ಕೆ ಚಾಚಿಡಿ. ಮುಂದಿನ ಚಕ್ರ ಗುಂಡಿಗೋ ಕಲ್ಲಿಗೋ ಬಡಿದಾಗ ಸ್ಟೇರಿಂಗ್ ರಪ್ಪನೆ ತಿರುಗುತ್ತದೆ, ಅದರ ಕಡ್ಡಿ ಹೆಬ್ಬೆರಳಿಗೆ ಹೊಡೆಯುತ್ತದೆ. ಪವರ್ ಸ್ಟೇರಿಂಗಿನಲ್ಲಿ ಈ ಏಟು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ತಿರುವಿನಲ್ಲಿ ಅಂಗೈ ಮೇಲೆ ಮಾಡಿ ಒಳಗಿನಿಂದ ಕೈ ತೂರಿಸಿ ಎಳೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಸ್ಟೇರಿಂಗ್ ತಟ್ಟನೆ ವಾಪಸ್ ತಿರುಗಿದರೆ ಮಣಿಕಟ್ಟೇ ಸಿಕ್ಕಿಕೊಳ್ಳುತ್ತದೆ.

ಓಡುವ ವೇಗದ ತಿರುವಿಗೆ ಒಂದು ಕೈ ಮೇಲಕ್ಕೆ ನೂಕಲಿ, ಇನ್ನೊಂದು ಕೆಳಕ್ಕೆ ಎಳೆಯಲಿ. ಎರಡೂ ತಮ್ಮ ತಮ್ಮ ಬದಿ ದಾಟದಿರಲಿ. ಮಂಡಿ ಅಂಗಳದಲ್ಲಿ, ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ನಿಧಾನಕ್ಕೆ ತಿರುಗಿಸುವಾಗ ಕೈ ಮೇಲೆ ಕೈ ಹಾಕಿ ಸುತ್ತಬಹುದು. ಗೇರ್ ಇಳಿಸುವುದು ತಿರುವಿಗೆ ಮುಂಚೆಯೇ ಮುಗಿದಿರಲಿ. ನಿಂತ ಜಾಗದಲ್ಲೇ ಚಕ್ರ ತಿರುಗಿಸಬೇಡಿ, ತೆವಳುವಷ್ಟಾದರೂ ಗಾಡಿ ಚಲಿಸುತ್ತಿರಲಿ. ಫುಲ್ ಲಾಕಿಗೆ ತಂದು ಒತ್ತಿ ಹಿಡಿದರೆ ಪವರ್ ಸ್ಟೇರಿಂಗ್ ಪಂಪಿನ ಎಣ್ಣೆ ಕಾದು ಸೀಲ್ ಹೋಗುತ್ತದೆ, ಕೊನೆ ಮುಟ್ಟಿದ ತಕ್ಷಣ ಕೂದಲೆಳೆಯಷ್ಟು ಬಿಡಿ. ಟ್ರೈಲರ್ ರಿವರ್ಸ್ ಮಾಡುವಾಗ ಮಾತ್ರ ಕೈ 6 ಗಂಟೆ ಜಾಗಕ್ಕೆ ಇಳಿಸಿದರೆ ಲೆಕ್ಕ ಸುಲಭ: ಕೈ ಯಾವ ಕಡೆಗೋ ಟ್ರೈಲರಿನ ಹಿಂಭಾಗವೂ ಆ ಕಡೆಗೇ.

ಈಗ ಮತ್ತೆ ಗಾಳಿಗೆ ಬರೋಣ. ಎಡದಿಂದ ಬರುವ ಗಾಳಿಗೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿದಿರುತ್ತೀರಿ. ದಿಬ್ಬ ಕಡಿದು ಮಾಡಿದ ರಸ್ತೆಯೊಳಗೆ ಹೊಕ್ಕಾಗಲೋ, ಎಡಕ್ಕೆ ದೊಡ್ಡ ಕಂಟೈನರ್ ಗಾಳಿಗೆ ಅಡ್ಡ ಬಂದು ಮರೆ ಮಾಡಿದಾಗಲೋ ಗಾಳಿ ಒಮ್ಮೆಲೇ ನಿಲ್ಲುತ್ತದೆ, ಆಗ ಗಾಡಿ ಎಡಕ್ಕೆ ಜಗ್ಗುತ್ತದೆ. ಮರೆ ದಾಟಿದಾಗ ಮತ್ತೆ ಬಲಕ್ಕೆ. ಇದನ್ನು ಮೊದಲೇ ಎಣಿಸಿ ವೇಗ ಇಳಿಸಿ. ಎರಡೂ ಕೈ ಬಿಗಿಯಾಗಿರಲಿ, ಆದರೆ ಬೆರಳು ಬೆಳ್ಳಗಾಗುವಷ್ಟು ಹಿಸುಕಬೇಡಿ. ಹಿಸುಕಿದ ಕೈಗೆ ಗಾಡಿಯ ಸಣ್ಣ ಎಳೆತ ಗೊತ್ತಾಗುವುದಿಲ್ಲ.

ಮುಂದಿನ ಟೈರ್ ಒಡೆದರೆ ಗಾಡಿ ಒಡೆದ ಬದಿಗೆ ಎಳೆಯುತ್ತದೆ. 9–3ರ ಹಿಡಿತ ನಿಜಕ್ಕೂ ಬೇಕಾಗುವುದು ಆಗಲೇ. ಬ್ರೇಕ್ ಮೇಲೆ ಕಾಲಿಡಬೇಡಿ, ಭಾರವೆಲ್ಲ ಒಡೆದ ಚಕ್ರಕ್ಕೇ ಬಿದ್ದು ಎಳೆತ ಹೆಚ್ಚುತ್ತದೆ. ನೆಟ್ಟಗೆ ಹಿಡಿದುಕೊಂಡು ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ, ವೇಗ ಪೂರ್ತಿ ಇಳಿದ ಮೇಲೆ ಎಡಕ್ಕೆ ತನ್ನಿ. ಎಡಚಕ್ರ ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿದಾಗಲೂ ಹೀಗೆಯೇ. ಜಗ್ಗಿ ಮೇಲೆ ಹತ್ತಿಸಲು ಹೋದವರ ಗಾಡಿ ಎದುರಿನ ಲೇನಿಗೆ ನುಗ್ಗುತ್ತದೆ. ಇನ್ನು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವುದಂತೂ ಬೇಡವೇ ಬೇಡ. ಪವರ್ ಸ್ಟೇರಿಂಗ್ ಕೈಕೊಡುತ್ತದೆ, ಬ್ರೇಕಿನ ಗಾಳಿಯೂ ತುಂಬುವುದಿಲ್ಲ.

ಸ್ಟೇರಿಂಗ್ ಕವರ್ ಸಡಿಲವಾಗಿ ಜಾರುತ್ತಿದ್ದರೆ ಕಿತ್ತುಹಾಕಿ. ಆಯುಧಪೂಜೆಗೆ ಸುತ್ತಿದ ಹೂವಿನ ಹಾರವನ್ನು ಗಾಡಿ ಎತ್ತುವ ಮೊದಲು ಬಿಚ್ಚಿ ಡ್ಯಾಶ್‌ಬೋರ್ಡ್ ಮೇಲಿನ ದೇವರ ಪಟಕ್ಕೆ ಹಾಕಿ. ಗ್ರೀಸ್ ಮುಟ್ಟಿದ ಕೈ ಒರೆಸಿಕೊಂಡೇ ಹತ್ತಿ.

ಹೊರಡುವ ಮುನ್ನ ಸ್ಟೇರಿಂಗ್ ಆಟವನ್ನೂ, ಅಂದರೆ ಟೈರ್ ಅಲುಗದೆ ಸ್ಟೇರಿಂಗ್ ಮಾತ್ರ ಎಷ್ಟು ತಿರುಗುತ್ತದೆ ಎಂಬುದನ್ನೂ ನೋಡಿ. ಚಕ್ರ ನೆಟ್ಟಗಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಓಡುತ್ತಿರಲಿ. ಕ್ಲೀನರ್ ಪಕ್ಕಕ್ಕೆ ನಿಂತು ಮುಂದಿನ ಟೈರ್ ನೋಡಲಿ. ಟೈರ್ ಅಲುಗುವವರೆಗೆ ಸ್ಟೇರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸಿ. 20 ಇಂಚಿನ ಸ್ಟೇರಿಂಗಿನ ಅಂಚಿನಲ್ಲಿ ಆಟ 2 ಇಂಚು ದಾಟಿದರೆ ಬಾಲ್ ಜಾಯಿಂಟ್, ಕಿಂಗ್‌ಪಿನ್, ಸ್ಟೇರಿಂಗ್ ಬಾಕ್ಸ್ ಇವುಗಳಲ್ಲಿ ಎಲ್ಲೋ ಸವೆದಿದೆ. ಲೋಡ್ ಎಷ್ಟೇ ಅರ್ಜೆಂಟ್ ಇದ್ದರೂ ಗಾಡಿ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಲಿ.