ಪರೀಕ್ಷೆ ಮುಗಿಯಿತು, ರಜೆಗೊಂದು ಕೆಲಸ ಬೇಕು: ಕೇಳುವುದು ಮಕ್ಕಳೇ ಆಗಲಿ

ಕೊನೆಯ ಪತ್ರಿಕೆ ಬರೆದು ಬಂದ ಸಂಜೆಯೇ ‘ರಜೆಯಲ್ಲಿ ಏನು ಮಾಡ್ತೀಯ?’ ಎಂದು ಶುರುಮಾಡಬೇಡಿ. ನಾಲ್ಕು ದಿನ ನಿದ್ದೆ ಮಾಡಲಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾತಜ್ಞರು. ಪರೀಕ್ಷೆಯ ದಿನಗಳಲ್ಲಿ ಅಷ್ಟು ಸಿಕ್ಕಿರುವುದಿಲ್ಲ. ಹಾಗೆಂದು ತಿಂಗಳುಗಟ್ಟಲೆ ಕಾಯುವಂತೆಯೂ ಇಲ್ಲ. ರಜೆಯ ಕೆಲಸಗಳು ರಜೆಯ ಮೊದಲ ದಿನಗಳಲ್ಲೇ ಭರ್ತಿಯಾಗಿಬಿಡುತ್ತವೆ.

ಮಕ್ಕಳು ಮಲಗಿರುವ ಆ ನಾಲ್ಕು ದಿನಗಳಲ್ಲಿ ನೀವು ವಯಸ್ಸಿನ ನಿಯಮ ತಿಳಿದುಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದದ ಪ್ರಕಾರ ಕೆಲಸಕ್ಕೆ ಸೇರುವ ಸಾಮಾನ್ಯ ಕನಿಷ್ಠ ವಯಸ್ಸು 15. ಅಭಿವೃದ್ಧಿಶೀಲ ದೇಶಗಳು ಆರಂಭದಲ್ಲಿ ಅದನ್ನು 14ಕ್ಕೆ ಇಳಿಸಿಕೊಳ್ಳಬಹುದು. ಓದಿಗೂ ಆರೋಗ್ಯಕ್ಕೂ ಧಕ್ಕೆಯಾಗದ ಹಗುರ ಕೆಲಸವನ್ನು 13 ತುಂಬಿದವರಿಗೂ ಕೊಡಲು ದೇಶಗಳು ಅನುಮತಿಸಬಹುದು. ಅಪಾಯದ ಕೆಲಸಕ್ಕೆ ಮಾತ್ರ 18 ತುಂಬಲೇಬೇಕು. ಅಪಾಯ ಎಂದರೆ ಏನು ಎಂಬುದನ್ನು ಅದೇ ಸಂಘಟನೆಯ 1999ರ 190ನೇ ಶಿಫಾರಸು ಪಟ್ಟಿ ಮಾಡಿದೆ: ನೆಲದಡಿ, ನೀರಿನಡಿ, ಅಪಾಯಕಾರಿ ಎತ್ತರದಲ್ಲಿ ಮಾಡುವ ಕೆಲಸ, ಅಪಾಯದ ಯಂತ್ರಗಳು, ಕೈಯಿಂದ ಭಾರ ಹೊರುವುದು, ವಿಷಕಾರಿ ರಾಸಾಯನಿಕಗಳು, ದೀರ್ಘ ಅವಧಿಯ ಅಥವಾ ರಾತ್ರಿ ಪಾಳಿಯ ಕೆಲಸ. ನಿಮ್ಮಲ್ಲಿನ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ‘ನಮ್ಮದೇ ಅಂಗಡಿ, ಯಾರು ಕೇಳ್ತಾರೆ’ ಎನ್ನುವವರಿಗೂ ಒಂದು ಮಾತು: ಬೆರಳು ತುಂಡರಿಸುವ ಯಂತ್ರಕ್ಕೆ ಮಾಲೀಕನ ಮಗ ಎಂಬ ಮುಲಾಜಿಲ್ಲ.

ಇನ್ನು ಮಕ್ಕಳೊಂದಿಗೆ ಕೂತು ಮಾತಾಡಿ. ಕೆಲಸ ಯಾಕೆ ಬೇಕು? ದುಡ್ಡಿಗೋ, ಮುಂದೆ ಓದಬೇಕೆಂದಿರುವ ವಿಷಯದ ಒಳಗುಟ್ಟು ನೋಡುವುದಕ್ಕೋ, ಮನೆಯಲ್ಲಿ ಕೂತು ಬೇಸರವಾಗಿಯೋ? ದುಡ್ಡೇ ಬೇಕೆಂದರೆ ಅದರಲ್ಲಿ ನಾಚಿಕೆಯೇನೂ ಇಲ್ಲ, ಆಗ ಹುಡುಕಾಟ ಸಲೀಸು. ಪಶುವೈದ್ಯೆಯಾಗಬೇಕೆಂಬ ಹುಡುಗಿಗೆ ಮಾತ್ರ ಹೆಚ್ಚು ಸಂಬಳದ ಪ್ಯಾಕಿಂಗ್ ಕೆಲಸಕ್ಕಿಂತ ಪಶುಚಿಕಿತ್ಸಾಲಯದಲ್ಲಿ ಹೆಸರು ಬರೆದುಕೊಳ್ಳುವ ಕೆಲಸವೇ ಮೇಲು.

ಬಯೋಡೇಟಾ ಒಂದೇ ಪುಟ ಸಾಕು. ‘ನನಗೆ ಏನೂ ಅನುಭವವಿಲ್ಲ’ ಎಂದು ಎಲ್ಲ ಮಕ್ಕಳೂ ಅನ್ನುತ್ತಾರೆ. ಕೆದಕಿದರೆ ಸಿಗುತ್ತದೆ: ಶಾಲೆಯ ಕಾರ್ಯಕ್ರಮದ ಖರ್ಚಿನ ಲೆಕ್ಕ ಬರೆದದ್ದು, ತಂಗಿಗೆ ಗಣಿತ ಹೇಳಿಕೊಟ್ಟದ್ದು, ಅಜ್ಜನ ಔಷಧಿಯ ಹೊತ್ತು ನೋಡಿಕೊಂಡದ್ದು, ತಂಡಕ್ಕೆ ನಾಯಕಿಯಾಗಿದ್ದದ್ದು. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ವಿಶೇಷಣಗಳನ್ನು ಹೊಡೆದುಹಾಕಿ. ಓದುವವರು ಅವನ್ನು ದಾಟಿ ಹೋಗುತ್ತಾರೆ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೊತ್ತಿಗೆ ಬರಬಲ್ಲೆ ಎಂಬುದು ಮೇಲೆಯೇ ಇರಲಿ. ಮಾಲೀಕರು ಮೊದಲು ಹುಡುಕುವುದು ಅದನ್ನೇ.

ಹೆತ್ತವರು ಎಡವುವುದು ಇದರ ಮುಂದಿನ ಹಂತದಲ್ಲಿ. ಪರಿಚಯದವರಿಗೆ ತಾವೇ ಫೋನ್ ಮಾಡಿ ‘ನಮ್ಮ ಹುಡುಗನಿಗೊಂದು ಏನಾದರೂ ಕೊಡಿ’ ಎಂದುಬಿಡುತ್ತಾರೆ. ಕೆಲಸ ಸಿಗುತ್ತದೆ, ಆದರೆ ಹುಡುಗ ಅಲ್ಲಿ ಕೆಲಸದವನಾಗುವುದಿಲ್ಲ, ಇಂಥವರ ಮಗನಾಗಿಯೇ ಉಳಿಯುತ್ತಾನೆ. ಯಾರನ್ನು ಕೇಳಬಹುದೆಂದು ನೀವು ಹೇಳಿ, ನಂಬರ್ ಕೊಡಿ. ಕೇಳುವ ಬಾಯಿ ಅವನದೇ ಇರಲಿ. ಅಂಗಡಿ, ಗ್ರಂಥಾಲಯ, ನರ್ಸರಿ, ಮಕ್ಕಳ ಶಿಬಿರ, ಲೆಕ್ಕಪರಿಶೋಧಕರ ಕಚೇರಿ, ಎಲ್ಲಿಗೆ ಹೋದರೂ ಗಿರಾಕಿಗಳ ಗದ್ದಲವಿಲ್ಲದ ಹೊತ್ತು ನೋಡಿ ಹೋಗಲಿ. ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ: ಹೆಸರು, ಓದು, ಎಷ್ಟು ವಾರ ಸಿಗುತ್ತೇನೆ, ಯಾವ ಕೆಲಸವಾದೀತು. ಅರ್ಧ ನಿಮಿಷದಲ್ಲಿ ಮುಗಿಯಬೇಕು. ಹೋಗುವಾಗ ನೀವು ಜೊತೆಗೆ ಹೋದರೂ ಬಾಗಿಲಾಚೆ ನಿಲ್ಲಿ. ಹೆಚ್ಚಿನವರು ಇಲ್ಲ ಎನ್ನುತ್ತಾರೆ, ಕೆಲವರು ಮುಖವನ್ನೇ ನೋಡುವುದಿಲ್ಲ. ಅದನ್ನು ಮೊದಲೇ ಹೇಳಿ ಕಳಿಸಿ. ‘ಮುಂದಿನ ವಾರ ಬಾ’ ಎಂದವರ ಬಳಿ ಮುಂದಿನ ವಾರ ನಿಜವಾಗಿಯೂ ಹೋದರೆ ಅರ್ಧ ಕೆಲಸ ಸಿಕ್ಕ ಹಾಗೆ. ಹಾಗೆ ಮರಳಿ ಹೋಗುವವರು ಕಡಿಮೆ.

ಫೋನಿನಲ್ಲಿ ಬರುವ ಕೆಲಸಗಳ ಬಗ್ಗೆ ನೀವು ಸ್ವಲ್ಪ ನಿಷ್ಠುರರಾಗಲೇಬೇಕು. ವಿಡಿಯೊಗೆ ಲೈಕ್ ಒತ್ತಿದರೆ ಹಣ ಎಂಬಂಥವು ಮೊದಲು ಚಿಲ್ಲರೆ ಕೊಟ್ಟು ನಂಬಿಸಿ, ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಂಡು ಮಾಯವಾಗುತ್ತವೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ, ಹೆಸರು ಏನೇ ಇರಲಿ, ಕೆಲಸ ಕೊಡುವವರೇ ಹಣ ಕೇಳಿದರೆ ಅಲ್ಲಿಗೆ ಬಿಡಿ. ಮೂಲ ಅಂಕಪಟ್ಟಿ ಒತ್ತೆ ಇಡಬಾರದು, ಒಟಿಪಿ ಹೇಳಬಾರದು. ಎಲ್ಲಕ್ಕಿಂತ ಅಪಾಯದ್ದು ‘ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಬೇರೆಡೆ ಕಳಿಸಿ’ ಎನ್ನುವುದು. ಅದು ಕದ್ದ ಹಣ ಸಾಗಿಸುವ ದಾರಿ. ಪೊಲೀಸರು ಬಂದಾಗ ಅವರಿಗೆ ಸಿಗುವ ಹೆಸರು ಖಾತೆದಾರನದು.

ಒಪ್ಪಿಕೊಳ್ಳುವ ಮುನ್ನ ಮಕ್ಕಳೇ ಕೇಳಬೇಕಾದದ್ದಿಷ್ಟು: ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಯಾವಾಗ, ಸಂಬಳ ಎಷ್ಟು, ಯಾವ ದಿನ, ಕೈಗೋ ಖಾತೆಗೋ. ‘ಕಲಿಯುವ ದಿನಗಳಿಗೆ’ ಸಂಬಳ ಉಂಟೋ ಇಲ್ಲವೋ ಎಂಬ ಪ್ರಶ್ನೆಯನ್ನು ಬಿಡಬಾರದು, ಜಗಳ ಹುಟ್ಟುವುದು ಬಹುಪಾಲು ಅಲ್ಲೇ. ಕಾಗದದಲ್ಲಿ ಬರೆದುಕೊಡಲು ಅವರು ಹಿಂಜರಿದರೆ ‘ನೀವು ಹೇಳಿದ್ದು ಇಷ್ಟು, ಸರಿಯೇ?’ ಎಂದು ಒಂದು ಮೆಸೇಜ್ ಕಳಿಸಿ ಉತ್ತರ ತರಿಸಿಕೊಂಡರೂ ಆದೀತು. ಬಂದ ದಿನ, ಮಾಡಿದ ಗಂಟೆಗಳನ್ನು ಮಕ್ಕಳೇ ಪುಸ್ತಕವೊಂದರಲ್ಲಿ ಬರೆದಿಡಲಿ.

ಮೊದಲ ವಾರ ‘ಬಿಟ್ಟುಬಿಡ್ತೀನಿ’ ಎಂದು ಬಂದರೆ ಕಾರಣ ಕೇಳಿ. ಕಾಲು ನೋವು, ಬೇಸರ, ಬೈಗುಳ ತಿಂದ ಅವಮಾನ: ಇವಕ್ಕೆ ಇನ್ನೊಂದು ವಾರ ನೋಡು ಎನ್ನಬಹುದು. ಮೈಮುಟ್ಟುವವರು, ಒಂಟಿಯಾಗಿ ಉಳಿಸಿಕೊಳ್ಳುವವರು, ಮನೆಯಲ್ಲಿ ಹೇಳಬೇಡ ಎನ್ನುವವರು ಇದ್ದರೆ ಆ ಕ್ಷಣವೇ ಬಿಡಿಸಿ. ಅಲ್ಲಿ ಮಾತ್ರ ನೀವು ಬಾಗಿಲು ದಾಟಿ ಒಳಗೆ ಹೋಗಬೇಕು.

ಸಂಬಳ ಬಂದಾಗ ಅದು ಅವರದು. ಉಳಿತಾಯದ ಲೆಕ್ಕ ಹೇಳಿಕೊಡಿ, ಆದರೆ ಮೊದಲ ಸಂಬಳವನ್ನು ಏನಾದರೂ ಹುಚ್ಚುಚ್ಚಾಗಿ ಖರ್ಚು ಮಾಡಿದರೆ ಸುಮ್ಮನಿರಿ. ತರಗತಿ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಕೊನೆಯ ದಿನ ಯಾವುದೆಂದು ಮಾಲೀಕರಿಗೆ ತಿಳಿಸಲಿ. ಹೊರಡುವ ದಿನ, ಅವಧಿ ಮತ್ತು ಮಾಡಿದ ಕೆಲಸ ನಮೂದಿಸಿದ ಅನುಭವ ಪತ್ರ ಕೇಳಿ ಪಡೆಯಲಿ. ಎರಡೇ ಸಾಲಿದ್ದರೂ ಪರವಾಗಿಲ್ಲ, ಸಹಿ ಮತ್ತು ದಿನಾಂಕ ಇರಬೇಕು.